ಸ್ಮ್ಯಾಶ್‌ಗೆ ಕೈ ಎತ್ತಿದರೆ ಭುಜ ಜಾರುತ್ತದೆ: ಯಾವ ವ್ಯಾಯಾಮ, ಯಾವಾಗ ಆಟ?

ಪ್ರಶ್ನೆ: ನನಗೆ 20 ವರ್ಷ. ಪೊನ್ನಂಪೇಟೆ ಹತ್ತಿರದ ಹಳ್ಳಿ, ಗೋಣಿಕೊಪ್ಪಲಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಾಲೇಜು ವಾಲಿಬಾಲ್ ತಂಡದಲ್ಲಿ ಅಟ್ಯಾಕರ್. ಕಳೆದ ಏಪ್ರಿಲ್‌ನಲ್ಲಿ ಟೂರ್ನಿಯ ಎರಡನೇ ದಿನ ಸ್ಮ್ಯಾಶ್‌ಗೆ ಕೈ ಹಿಂದಕ್ಕೆ ಎಳೆದಾಗ ಬಲ ಭುಜ ಮುಂದಕ್ಕೆ ಜಾರಿ, ತಾನಾಗಿಯೇ ಒಳಗೆ ಕೂತಿತು. ಒಂದೆರಡು ನಿಮಿಷ ಕೈಯಲ್ಲಿ ಜೀವವೇ ಇಲ್ಲದಂತಾಯಿತು. ಎಕ್ಸ್‌ರೇ ಸರಿ ಇದೆ ಎಂದರು. ಮೂರು ವಾರ ಕೈಗೆ ಜೋಳಿಗೆ ಪಟ್ಟಿ ಹಾಕಿಕೊಂಡಿದ್ದೆ. ಈಗ ಮನೆಕೆಲಸದಲ್ಲಿ ನೋವಿಲ್ಲ, ಆದರೆ ಸರ್ವಿಸ್‌ಗೆ ಕೈ ಎತ್ತಿದರೆ 'ಈಗ ಹೋಯಿತು' ಎನ್ನಿಸುತ್ತದೆ. ಚಿಕ್ಕಂದಿನಿಂದಲೂ ನನ್ನ ಕೀಲುಗಳು ತುಂಬ ಬಳುಕುತ್ತವೆ, ಹೆಬ್ಬೆರಳು ಮುಂಗೈಗೆ ತಾಗುತ್ತದೆ. ಜಿಮ್‌ನಲ್ಲಿ ಷೋಲ್ಡರ್ ಪ್ರೆಸ್, ಬೆಂಚ್ ಪ್ರೆಸ್ ಮಾಡಿ ಗಟ್ಟಿ ಮಾಡಿಕೋ ಎನ್ನುತ್ತಾರೆ. ಮನೆಯಲ್ಲಿ ಆಟವೇ ಬೇಡ ಎನ್ನುತ್ತಾರೆ. ಯಾವ ವ್ಯಾಯಾಮ ಮಾಡಲಿ? ಆಪರೇಷನ್ ಬೇಕಾ? ಬರುವ ಏಪ್ರಿಲ್‌ಗೆ ಆಡಬಹುದಾ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಏಪ್ರಿಲ್‌ಗೆ ಆಡುವ ಸಾಧ್ಯತೆ ಚೆನ್ನಾಗಿಯೇ ಇದೆ. ಈಗ ಮಳೆಗಾಲ, ಮೈದಾನಗಳೆಲ್ಲ ಕೆಸರು, ಆಡು ಬಾ ಎಂದು ಯಾರೂ ಕರೆಯುವುದಿಲ್ಲ. ನಿಮ್ಮ ಭುಜಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಆದರೆ ಜಿಮ್‌ನವರ ಸಲಹೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮನೆಕೆಲಸದಲ್ಲಿ ನೋವಿಲ್ಲ ಎಂದರೆ ನಿಮ್ಮ ತೋಳಿನಲ್ಲಿ ಬಲಕ್ಕೆ ಅಂಥ ಕೊರತೆಯಿಲ್ಲ. ಕೈ ಮೇಲೆದ್ದು ಹಿಂದಕ್ಕೆ ಬಾಗಿದ ಆ ಒಂದು ಭಂಗಿಯಲ್ಲಿ, ಆ ವೇಗದಲ್ಲಿ, ಹತೋಟಿ ತಪ್ಪುತ್ತಿದೆ. ಹತೋಟಿಯನ್ನು ಕಲಿಸಬೇಕಾಗುತ್ತದೆ, ಅದಕ್ಕೊಂದು ಕ್ರಮವಿದೆ.

ಭುಜದ ಕೀಲಿನ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ತೋಳಿನ ಮೂಳೆಯ ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಕಾಫಿ ಲೋಟದ ಸಾಸರ್ ಮೇಲೆ ಕಿತ್ತಳೆ ಇಟ್ಟ ಹಾಗೆ. ಯಾವ ಗಳಿಗೆಯಲ್ಲೂ ಆ ತಲೆಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಗುಳಿಗೆ ಅಂಟಿಕೊಂಡಿರುತ್ತದೆ. ಗುಳಿಯ ಅಂಚಿನಲ್ಲಿ ಲೇಬ್ರಂ ಎಂಬ ಮೆದು ಅಂಚುಪಟ್ಟಿ ಇದ್ದು ಆಳವನ್ನು ಹೆಚ್ಚಿಸುತ್ತದೆ. ಸುತ್ತ ಚೀಲದಂಥ ಹೊದಿಕೆ, ಅದರೊಳಗೆ ಲಿಗಮೆಂಟುಗಳು. ಆದರೆ ಲಿಗಮೆಂಟುಗಳು ಬಿಗಿಯುವುದು ಕೈ ಚಲನೆಯ ಕೊನೆ ಮುಟ್ಟಿದಾಗ ಮಾತ್ರ. ಅಲ್ಲಿಯವರೆಗೆ ತಲೆಯನ್ನು ಗುಳಿಗೆ ಒತ್ತಿ ಹಿಡಿಯುವವು ರೊಟೇಟರ್ ಕಫ್ ಎನ್ನುವ ನಾಲ್ಕು ಸಣ್ಣ ಸ್ನಾಯುಗಳು. ಆ ಗುಳಿಯಾದರೂ ಒಂದೇ ಕಡೆ ನಿಂತಿದೆಯೇ ಎಂದರೆ ಅದೂ ಇಲ್ಲ. ಅದು ಇರುವುದು ಬೆನ್ನಿನ ರೆಕ್ಕೆ ಮೂಳೆಯ ಮೇಲೆ, ಆ ರೆಕ್ಕೆಯೋ ಪಕ್ಕೆಲುಬಿನ ಮೇಲೆ ಸ್ನಾಯುಗಳ ಆಸರೆಯಲ್ಲಿ ತೇಲುತ್ತಿರುತ್ತದೆ. ನೀವು ಕೈ ಎತ್ತಿದಂತೆಲ್ಲ ಅದು ಮೇಲ್ಮುಖವಾಗಿ ತಿರುಗಿ ಗುಳಿಯನ್ನು ತಲೆಯ ಕೆಳಗೆ ತಂದಿಡಬೇಕು. ಈ ಕೆಲಸ ಮುಖ್ಯವಾಗಿ ಪಕ್ಕೆಯ ಮೇಲಿನ ಸೆರೇಟಸ್ ಮತ್ತು ನಡುಬೆನ್ನಿನ ಟ್ರೆಪೀಜಿಯಸ್ ಸ್ನಾಯುಗಳದು.

ಸ್ಮ್ಯಾಶ್‌ಗೆ ಕೈ ಹಿಂದಕ್ಕೆ ಎಳೆದಾಗ ತೋಳಿನ ತಲೆ ಮುಂದಕ್ಕೆ ಜಾರಲು ನೋಡುತ್ತದೆ. ಮುಂಭಾಗದ ಕೆಳಗಿನ ಲಿಗಮೆಂಟ್ ಅದನ್ನು ತಡೆಯುತ್ತದೆ. ವರ್ಷಗಟ್ಟಲೆ ಸಾವಿರಾರು ಬಾರಿ ಹೀಗೆ ಎಳೆದರೆ ಆ ಲಿಗಮೆಂಟ್ ಸಡಿಲವಾಗುತ್ತದೆ. ಹುಟ್ಟಿನಿಂದಲೇ ಬಳುಕುವ ಮೈಯಾದರೆ ಇನ್ನೂ ಬೇಗ. ನಿಮಗೆ ಆದದ್ದು ಪೂರ್ತಿ ಕಳಚುವುದಲ್ಲ, ಅರ್ಧ ಜಾರುವುದು. ಒಂದೆರಡು ನಿಮಿಷ ಕೈ ಸತ್ತಂತಾಗುವುದು ಅದರ ಗುರುತು. ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದೂ ಸಹಜ.

ಈಗ ಮುಖ್ಯ ವಿಷಯ. ಭುಜ ಜಾರುವವರೆಲ್ಲರಿಗೂ ವ್ಯಾಯಾಮದಿಂದ ಒಂದೇ ಫಲ ಸಿಗುವುದಿಲ್ಲ. ಅಮೆರಿಕದ ಬರ್ಕ್‌ಹೆಡ್ ಮತ್ತು ರಾಕ್‌ವುಡ್ ಎಂಬ ಇಬ್ಬರು ಸರ್ಜನ್‌ಗಳು 1992ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಕಣ್ಣು ತೆರೆಸುತ್ತದೆ. ಪೆಟ್ಟು ಬಿದ್ದು ಜಾರಲು ಶುರುವಾದ 74 ಭುಜಗಳಲ್ಲಿ ವ್ಯಾಯಾಮದಿಂದ ಚೆನ್ನಾಗಿ ಸುಧಾರಿಸಿದ್ದು 12 ಮಾತ್ರ. ಪೆಟ್ಟೇ ಇಲ್ಲದೆ, ಸಡಿಲದಿಂದ ಜಾರುತ್ತಿದ್ದ 66ರಲ್ಲಿ 53 ಸುಧಾರಿಸಿದವು. ಬಿದ್ದೋ ಗುದ್ದಿಯೋ ಕಳಚಿದ ಭುಜದಲ್ಲಿ ಲೇಬ್ರಂ ಅಂಚಿನಿಂದ ಕಿತ್ತುಬಂದಿರುವುದು ಸಾಮಾನ್ಯ. ಇದನ್ನು ಬ್ಯಾಂಕಾರ್ಟ್ ಗಾಯ ಎನ್ನುತ್ತಾರೆ, ಬ್ಯಾಂಕಾರ್ಟ್ ಎಂಬ ಇಂಗ್ಲಿಷ್ ಸರ್ಜನ್ 1923ರಲ್ಲೇ ಅದನ್ನು ವಿವರಿಸಿದ್ದರು. ಕಿತ್ತುಬಂದ ಅಂಚನ್ನು ವ್ಯಾಯಾಮದ ಯಾವ ರಬ್ಬರ್ ಬ್ಯಾಂಡೂ ಅಂಟಿಸಲಾರದು. ಸಡಿಲವನ್ನು ಸ್ನಾಯು ತುಂಬಿಕೊಡಬಲ್ಲದು.

ನೀವು ಬಿದ್ದಿಲ್ಲ, ಯಾರೂ ಗುದ್ದಿಲ್ಲ, ಮೈ ಬಳುಕುತ್ತದೆ, ಭುಜ ತಾನಾಗಿಯೇ ಕೂತಿತು. ಹಾಗಾಗಿ ನೀವು ಎರಡನೇ ಗುಂಪಿಗೆ ಹತ್ತಿರ ಇದ್ದೀರಿ ಎಂದು ನನ್ನ ಅಂದಾಜು. ಆದರೆ ಪತ್ರ ಓದಿ ಹೇಳುವ ಮಾತಿಗೆ ಮಿತಿಯಿದೆ, ಒಮ್ಮೆ ಮೂಳೆ ವೈದ್ಯರಿಗೋ ಕ್ರೀಡಾ ಫಿಸಿಯೋಗೋ ಕೈ ಮುಟ್ಟಿ ನೋಡಲು ಕೊಡಿ. ಮಲಗಿಸಿ, ಕೈಯನ್ನು ಸರ್ವಿಸ್ ಭಂಗಿಗೆ ತಂದಾಗ ನಿಮಗೆ ಭಯವಾಗುತ್ತದೆಯೇ, ತೋಳಿನ ತಲೆಯನ್ನು ಮುಂದಿನಿಂದ ಒತ್ತಿ ಹಿಡಿದರೆ ಆ ಭಯ ಹೋಗುತ್ತದೆಯೇ ಎಂದು ನೋಡುತ್ತಾರೆ. ಮೈಯೆಲ್ಲ ಬಳುಕುವುದನ್ನು ಅಳೆಯಲು 9 ಅಂಕದ ಬೇಟನ್ ಪರೀಕ್ಷೆ ಇದೆ. ಬಳುಕುವುದು ರೋಗವಲ್ಲ, ಎಷ್ಟೋ ಒಳ್ಳೆಯ ಆಟಗಾರರು ಬಳುಕುವವರೇ. ಅಂಚು ಕಿತ್ತಿರುವ ಅನುಮಾನ ಬಂದರೆ ಕೀಲಿಗೆ ಔಷಧಿ ಚುಚ್ಚಿ ತೆಗೆಯುವ ಎಂಆರ್‌ಐ ಹೆಚ್ಚು ಸ್ಪಷ್ಟ. ಮೈಸೂರಿಗೆ ಹೋಗಿ ದುಡ್ಡು ಕಟ್ಟಿ ಬರುವ ಮೊದಲು ಯಾವ ಬಗೆಯ ಎಂಆರ್‌ಐ ಬೇಕೆಂದು ವೈದ್ಯರಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ಪರೀಕ್ಷೆಯನ್ನು ಅಮ್ಮನೇ ಮಾಡಬಹುದು. ನಿಮ್ಮ ಬೆನ್ನಿನ ಹಿಂದೆ ನಿಂತು ಎರಡೂ ರೆಕ್ಕೆ ಮೂಳೆಗಳನ್ನು ಹೋಲಿಸಿ ನೋಡಲಿ. ಬಲಗಡೆ ಮೂಳೆಯ ಮೇಲೆ ಮಾಂಸ ಇಳಿದು ಹಳ್ಳ ಬಿದ್ದಿದ್ದರೆ ವೈದ್ಯರಿಗೆ ಹೇಳಲೇಬೇಕು. ವಾಲಿಬಾಲ್ ಆಟಗಾರರಲ್ಲಿ ಅಲ್ಲಿನ ನರವೊಂದು ಒತ್ತಿಹೋಗಿ, ನೋವೇ ಇಲ್ಲದೆ ಸ್ನಾಯು ಸೊರಗುವುದುಂಟು. ನರದ ತೊಂದರೆಯಿದ್ದರೆ ವ್ಯಾಯಾಮದ ಲೆಕ್ಕವೇ ಬೇರೆ.

ಆಪರೇಷನ್ ಮಾತು ಯಾವಾಗ? ಅಂಚು ಕಿತ್ತಿದ್ದು ಖಚಿತವಾಗಿ, ಮತ್ತೆ ಮತ್ತೆ ಜಾರುತ್ತಿದ್ದರೆ. ಗುಳಿಯ ಮೂಳೆಯೇ ಸವೆದಿದ್ದರೆ. ಅಥವಾ ಆರು ತಿಂಗಳು ನಿಯತ್ತಾಗಿ ವ್ಯಾಯಾಮ ಮಾಡಿಯೂ ಹತೋಟಿ ಬರದಿದ್ದರೆ. ಆಪರೇಷನ್ ಆದ ಮೇಲೂ ಕೆಳಗೆ ಹೇಳುವ ವ್ಯಾಯಾಮಗಳಿಂದ ತಪ್ಪಿಸಿಕೊಳ್ಳುವಂತಿಲ್ಲ.

ವ್ಯಾಯಾಮದಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ಕ್ರಮ ತಪ್ಪಿಸಬೇಡಿ. ಮೊದಲು ರೆಕ್ಕೆ ಮೂಳೆ, ಆಮೇಲೆ ಕೈ ಕೆಳಗಿಟ್ಟು ತಿರುಗಿಸುವುದು, ಆಮೇಲೆ ಕೈ ಎತ್ತಿ ತಿರುಗಿಸುವುದು, ಕೊನೆಗೆ ವೇಗ. ರೆಕ್ಕೆಯ ಹತೋಟಿಯಿಂದ ಶುರುಮಾಡುವ ವಾಟ್ಸನ್ ಪದ್ಧತಿಯನ್ನು ರಾಕ್‌ವುಡ್‌ರ ಹಳೆಯ ಪದ್ಧತಿಯ ಪಕ್ಕ ಇಟ್ಟು, ಎಲ್ಲ ದಿಕ್ಕಿಗೂ ಸಡಿಲವಾಗಿದ್ದ 41 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ 12 ವಾರ ಪರೀಕ್ಷಿಸಿದರು. 24ನೇ ವಾರದಲ್ಲಿ ನೋಡಿದಾಗ ರೆಕ್ಕೆಯಿಂದ ಶುರುಮಾಡಿದವರೇ ಮುಂದಿದ್ದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಮೊದಲ ನಾಲ್ಕರಿಂದ ಆರು ವಾರ ಮನೆಯಲ್ಲೇ ಸಾಕು. ಗೋಡೆಗೆ ಮುಖಮಾಡಿ ನಿಂತು, ಮುಂಗೈಗಳನ್ನು ಗೋಡೆಗೆ ಒತ್ತಿ ನಿಧಾನವಾಗಿ ಮೇಲಕ್ಕೆ ಜಾರಿಸಿ. ಕತ್ತಿನ ಪಕ್ಕದ ಮಾಂಸ ಗಟ್ಟಿಯಾಗಿ ಹೆಗಲು ಕಿವಿಯ ಕಡೆ ಏರಿದರೆ ತಪ್ಪಾಗುತ್ತಿದೆ ಎಂದರ್ಥ. ಮೊಣಕಾಲು, ಅಂಗೈ ಊರಿ ನಿಂತು, ಮೊಣಕೈ ಬಗ್ಗಿಸದೆ ನೆಲವನ್ನು ದೂಡಿ ಬೆನ್ನನ್ನು ಮೇಲೆತ್ತಿ. ಸೆರೇಟಸ್ ಸ್ನಾಯುವಿಗೆ ಇದಕ್ಕಿಂತ ಸರಳ ಪಾಠವಿಲ್ಲ. ಇದೇ ಭಂಗಿಯಲ್ಲಿ ಎಡಗೈ ಎತ್ತಿ ಬಲಗೈ ಮೇಲೆ ಭಾರ ತಾಳಿಕೊಳ್ಳುವುದು ಮುಂದಿನ ಮೆಟ್ಟಿಲು. ಅಂಗೈ ನೆಲಕ್ಕೋ ಗೋಡೆಗೋ ಊರಿದಾಗ ತೋಳಿನ ತಲೆ ಗುಳಿಗೆ ಒತ್ತಿಕೊಳ್ಳುತ್ತದೆ, ಸುತ್ತಲಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ. ಅದಕ್ಕೇ ಭಯವಿರುವ ಭುಜಕ್ಕೆ ಇವು ಮೊದಲು.

ಜೊತೆಗೆ ಎಡ ಮಗ್ಗುಲಿಗೆ ಮಲಗಿ, ಬಲ ಮೊಣಕೈಯನ್ನು ಪಕ್ಕೆಗೆ ತಾಗಿಸಿ ಬಗ್ಗಿಸಿಟ್ಟು, ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಮೇಲಕ್ಕೆ ತಿರುಗಿಸುವುದು. ಕಂಕುಳಲ್ಲಿ ಒಂದು ಟವೆಲ್ ಸುರುಳಿ ಇಟ್ಟುಕೊಳ್ಳಿ, ಹಿಂಭಾಗದ ಸ್ನಾಯು ಹೆಚ್ಚು ಕೆಲಸ ಮಾಡುತ್ತದೆ. ಒಂದು ಕಿಲೋ ಡಂಬೆಲ್ ಸಾಕು, ಇಲ್ಲದಿದ್ದರೆ ನೀರು ತುಂಬಿದ ಬಾಟಲಿ. 12ರಿಂದ 15 ಸಲ, ಮೂರು ಸುತ್ತು, ವಾರಕ್ಕೆ ನಾಲ್ಕು ದಿನ. ಎತ್ತುವುದಕ್ಕಿಂತ ಇಳಿಸುವುದು ನಿಧಾನ. ಹೊರಕ್ಕೆ ತಿರುಗಿಸುವ ಈ ಸ್ನಾಯುಗಳ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಸ್ಮ್ಯಾಶ್ ಹೊಡೆಯುವವರಲ್ಲಿ ಒಳಕ್ಕೆ ತಿರುಗಿಸುವ ಎದೆಯ, ಬೆನ್ನಿನ ದೊಡ್ಡ ಸ್ನಾಯುಗಳು ಆಡಿ ಆಡಿ ಬಲಿಯುತ್ತವೆ. ಹೊಡೆದ ಕೈಗೆ ಬ್ರೇಕ್ ಹಾಕುವ ಹಿಂಭಾಗದವು ಹಿಂದುಳಿಯುತ್ತವೆ. ಬೆಂಚ್ ಪ್ರೆಸ್ ಈ ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತದೆ.

ಈ ಹಂತದಲ್ಲಿ ನೋವಿಗಿಂತ 'ಹೋಗುತ್ತಿದೆ' ಎಂಬ ಅನಿಸಿಕೆಯ ಮೇಲೆ ಕಣ್ಣಿಡಿ. ಸ್ನಾಯು ಸುಸ್ತಾಗಿ ಉರಿದರೆ ಚಿಂತೆಯಿಲ್ಲ. ಜಾರುವಂತೆ ಅನ್ನಿಸಿದರೆ ಆ ಕೋನ ನಿಮಗೆ ಇನ್ನೂ ಬೇಗವಾಯಿತು, ಒಂದು ಮೆಟ್ಟಿಲು ಇಳಿಯಿರಿ.

ಎರಡನೇ ಹಂತದಲ್ಲಿ ಕೈ ಎತ್ತುತ್ತೀರಿ. ಮೊದಲು ಅರ್ಧ ಎತ್ತರಕ್ಕೆ, ನಂತರ ಹೆಗಲಿನ ಎತ್ತರಕ್ಕೆ. ನೇರ ಪಕ್ಕಕ್ಕೆ ಚಾಚುವುದು ಬೇಡ, ಸುಮಾರು 30 ಡಿಗ್ರಿ ಮುಂದಕ್ಕೆ ಇರಲಿ, ರೆಕ್ಕೆ ಮೂಳೆ ನಿಂತಿರುವುದೇ ಆ ದಿಕ್ಕಿನಲ್ಲಿ. ಬ್ಯಾಂಡನ್ನು ಕಿಟಕಿಯ ಸರಳಿಗೆ ಕಟ್ಟಿ ಅದೇ ತಿರುಗಿಸುವ ವ್ಯಾಯಾಮವನ್ನು ಈ ಎತ್ತರದಲ್ಲಿ ಮಾಡಿ. ಬೋರಲು ಮಲಗಿ ಕೈಗಳನ್ನು ಪಕ್ಕಕ್ಕೆ, ನಂತರ ಓರೆಯಾಗಿ ತಲೆಯ ಕಡೆಗೆ ಎತ್ತುವುದು ನಡುಬೆನ್ನಿಗೆ. ಚೆಂಡನ್ನು ಗೋಡೆಗೆ ಅಂಗೈಯಿಂದ ಒತ್ತಿ ಹಿಡಿದು ಸಣ್ಣ ಸುತ್ತು ತಿರುಗಿಸಿ. ತಂಡದ ಗೆಳತಿಯೊಬ್ಬಳನ್ನು ಕೂರಿಸಿಕೊಂಡು, ನೀವು ಕಣ್ಣು ಮುಚ್ಚಿ ಕೈಯನ್ನು ಒಂದು ಕೋನದಲ್ಲಿ ನಿಲ್ಲಿಸಿ, ಅವಳು ಯಾವ ದಿಕ್ಕಿನಿಂದಲಾದರೂ ಮೆಲ್ಲಗೆ ತಟ್ಟಲಿ, ಕೈ ಅಲುಗಬಾರದು. ಈ ಕೊನೆಯದನ್ನು ಎಲ್ಲರೂ ಆಟವೆಂದುಕೊಂಡು ಬಿಟ್ಟುಬಿಡುತ್ತಾರೆ. ಎಚ್ಚರಿಕೆಯಿಲ್ಲದೆ ಬಂದ ತಳ್ಳುವಿಕೆಗೆ ಸ್ನಾಯು ತಕ್ಷಣ ಬಿಗಿಯುವುದನ್ನು ಕಲಿಸುವುದು ಮಾತ್ರ ಇದೇ.

ಕಾಲು ಮತ್ತು ಸೊಂಟ ಇದೇ ಹೊತ್ತಿನಲ್ಲಿ ಸೇರಿಕೊಳ್ಳಬೇಕು. ಟೆನಿಸ್ ಸರ್ವಿಸ್‌ನಲ್ಲಿ ಚೆಂಡಿಗೆ ಹೋಗುವ ಶಕ್ತಿಯ ಅರ್ಧದಷ್ಟು ಕಾಲು, ಸೊಂಟ, ಬೆನ್ನಿನಿಂದ ಹುಟ್ಟುತ್ತದೆ ಎಂದು ಅಮೆರಿಕದ ಕಿಬ್ಲರ್ ಅವರ ಅಧ್ಯಯನಗಳು ತೋರಿಸಿವೆ. ಕೆಳಗಿನಿಂದ ಬರಬೇಕಾದದ್ದು ಬರದಿದ್ದರೆ ಆ ಕೊರತೆಯನ್ನು ಭುಜವೇ ತುಂಬಲು ಹೊರಡುತ್ತದೆ. ಒಂಟಿಕಾಲಿನಲ್ಲಿ ಅರ್ಧ ಕೂತೇಳುವುದು, ಹೆಜ್ಜೆ ಮುಂದಿಟ್ಟು ಬ್ಯಾಂಡ್ ಎಳೆಯುವುದು, ಮೇಲ್ಬೆನ್ನನ್ನು ತಿರುಗಿಸುವ ಸಾಮು ಇವೆಲ್ಲ ಬೇಕು. ಅಂದಹಾಗೆ, ತಲೆಯ ಮೇಲೆ ಕೈ ಎತ್ತುವ ಆಟ ಭುಜವನ್ನು ಮುಗಿಸಿಯೇಬಿಡುತ್ತದೆ ಎಂದು ಮನೆಯಲ್ಲಿ ಹೇಳಿದರೆ ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರನ್ನು ನೆನಪಿಸಿ. 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ, ಅವರ ಆಟದ ಬಲವೇ ಸರ್ವಿಸ್ ಆಗಿತ್ತು.

ಮೂರನೇ ಹಂತ ವೇಗದ್ದು. ಕೈ ಹೆಗಲೆತ್ತರಕ್ಕೆ, ಮೊಣಕೈ ಬಗ್ಗಿ, ಮುಂಗೈ ಹಿಂದಕ್ಕೆ: ಅಂದರೆ ನಿಮಗೆ ಭಯವಾಗುವ ಅದೇ ಭಂಗಿ. ಅಲ್ಲಿ ಮೊದಲು ಬ್ಯಾಂಡ್, ನಿಧಾನವಾಗಿ. ನಂತರ ಬೋರಲು ಮಲಗಿ ಒಂದು ಹಗುರ ಚೆಂಡನ್ನು ಆ ಭಂಗಿಯಲ್ಲಿ ಬಿಟ್ಟು ತಕ್ಷಣ ಹಿಡಿಯುವುದು. ಗೆಳತಿ ಹಿಂದಿನಿಂದ ಎಸೆದ ಸಣ್ಣ ಚೆಂಡನ್ನು ಹಿಡಿದು ಹಿಂದಕ್ಕೇ ಎಸೆಯುವುದು. ಭಾರದ ಚೆಂಡಾದರೆ ಎರಡು ಕೈಯಲ್ಲಿ ಎದೆಯಿಂದ, ಆಮೇಲೆ ತಲೆಯ ಮೇಲಿಂದ, ಒಂಟಿ ಕೈ ಕಟ್ಟಕಡೆಗೆ. ಈ ಹಂತವನ್ನು ಒಬ್ಬರೇ ಮಾಡಬೇಡಿ, ಫಿಸಿಯೋ ಕಣ್ಣೆದುರು ಶುರುಮಾಡಿ.

ಜಿಮ್ ಪೂರ್ತಿ ಬೇಡವೆಂದಲ್ಲ. ಕಾಲಿನ ವ್ಯಾಯಾಮ, ಕೂತು ಎದೆಯ ಕಡೆಗೆ ಎಳೆಯುವ ರೋಯಿಂಗ್ ಈಗಲೇ ಮಾಡಬಹುದು. ಕತ್ತಿನ ಹಿಂದೆ ಬಾರ್ ಇಳಿಸುವುದು, ಡಿಪ್ಸ್, ಅಗಲವಾಗಿ ಹಿಡಿದು ಮಾಡುವ ಬೆಂಚ್ ಪ್ರೆಸ್, ಡಂಬೆಲ್ ಫ್ಲೈ ಇವು ನಾಲ್ಕೂ ತೋಳಿನ ತಲೆಯನ್ನು ಮುಂದಕ್ಕೆ ದೂಡುತ್ತವೆ; ನಿಮಗೆ ನಿಷಿದ್ಧ. ಷೋಲ್ಡರ್ ಪ್ರೆಸ್ ಮೂರನೇ ಹಂತದಲ್ಲಿ, ಮುಖದ ಮುಂದೆ, ಹಗುರ ತೂಕದಲ್ಲಿ ಬರಲಿ. ಬಾಗಿಲ ಚೌಕಟ್ಟಿಗೆ ಕೈ ಇಟ್ಟು ಎದೆ ಮುಂದಕ್ಕೆ ದೂಡುವ ಸ್ಟ್ರೆಚ್ ಕೂಡ ಬೇಡ, ಈಗಾಗಲೇ ಸಡಿಲವಾದದ್ದನ್ನು ಇನ್ನಷ್ಟು ಎಳೆದು ಏನು ಲಾಭ? ಎಣ್ಣೆ ತಿಕ್ಕಿಸುವುದರಿಂದ ಹಾಯೆನಿಸಬಹುದು, ಅಷ್ಟೇ. ತಿಕ್ಕುವವರು ಭುಜ ಎಳೆದು ಲಟಕ್ಕೆನ್ನಿಸಲು ಹೊರಟರೆ ಎದ್ದು ಬನ್ನಿ.

ತೋಟದ ಕೆಲಸ ಇದೆಯೆಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎದೆಯೆತ್ತರದ ಗಿಡದಲ್ಲಿ ಕಾಫಿ ಕೊಯ್ಯಲು ಅಡ್ಡಿಯಿಲ್ಲ. ಎತ್ತರದ ರೊಬಸ್ಟಾ ರೆಂಬೆಯನ್ನು ಹಿಂದಕ್ಕೆ ಕೈ ಚಾಚಿ ಎಳೆಯುವುದು, ಏಣಿಯ ಮೇಲೆ ಒಂದು ಕೈಯಲ್ಲಿ ಮರ ಹಿಡಿದು ಕಾಳುಮೆಣಸು ಕೊಯ್ಯುವುದು, ಮರ ಕಪಾತು ಇವು ಈ ವರ್ಷ ಬೇರೆಯವರಿಗಿರಲಿ. ಭಾರದ ಬಕೆಟನ್ನು ಬಲಗೈಯಲ್ಲಿ ಜೋತುಬಿಟ್ಟು ನಡೆದರೆ ಸಡಿಲ ಭುಜ ಕೆಳಕ್ಕೆ ಜಗ್ಗುತ್ತದೆ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬದ ಆಟೋಟದಲ್ಲಿ ಹಗ್ಗಜಗ್ಗಾಟಕ್ಕೆ ಜನ ಕಡಿಮೆಯಿದೆ ಎಂದು ಕರೆದರೆ ಹೋಗಬೇಡಿ.

ಇನ್ನು ನಮ್ಮ ಕೊಡಗು ಜಿಲ್ಲೆಯ ರೋಗದ ವಿಷಯ. ಇಲ್ಲಿ ಹಾಕಿಗೆ ಇರುವಷ್ಟು ಶಿಸ್ತಿನ ತಯಾರಿ ವಾಲಿಬಾಲ್‌ಗೆ ಇಲ್ಲ. ಮಳೆಗಾಲ ಮುಗಿಯುತ್ತದೆ, ಕಾಫಿ ಕೊಯ್ಲು ಬರುತ್ತದೆ, ಪರೀಕ್ಷೆ ಬರುತ್ತದೆ. ಏಪ್ರಿಲ್‌ನಲ್ಲಿ ಊರೂರಲ್ಲಿ ಟೂರ್ನಿ ಶುರುವಾದಾಗ ತಿಂಗಳುಗಟ್ಟಲೆ ಸುಮ್ಮನಿದ್ದ ಕೈಯಿಂದ ಎರಡೇ ದಿನದಲ್ಲಿ ಐದಾರು ಪಂದ್ಯ ಆಡಿಸುತ್ತಾರೆ. ನಿಮ್ಮ ಭುಜ ಜಾರಿದ್ದು ಎರಡನೇ ದಿನ ಎಂದು ಬರೆದಿದ್ದೀರಿ, ನನಗೆ ಆಶ್ಚರ್ಯವಾಗಲಿಲ್ಲ. ಡೆನ್ಮಾರ್ಕ್‌ನಲ್ಲಿ 679 ಯುವ ಹ್ಯಾಂಡ್‌ಬಾಲ್ ಆಟಗಾರರನ್ನು 31 ವಾರ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಬಂತು. ವಾರದ ಆಟದ ಹೊರೆ ಶೇ 60ಕ್ಕಿಂತ ಹೆಚ್ಚು ಏರಿದಾಗ ಭುಜದ ಗಾಯ ಸುಮಾರು ಇಮ್ಮಡಿಯಾಯಿತು. ಹೊರಕ್ಕೆ ತಿರುಗಿಸುವ ಸ್ನಾಯು ದುರ್ಬಲವಿದ್ದವರಿಗೆ, ರೆಕ್ಕೆ ಮೂಳೆ ತಪ್ಪಾಗಿ ಚಲಿಸುತ್ತಿದ್ದವರಿಗೆ ಶೇ 20ರಿಂದ 60ರ ಏರಿಕೆಯೇ ಅದಕ್ಕಿಂತ ದೊಡ್ಡ ಅಪಾಯ ತಂದಿತು.

ಆದ್ದರಿಂದ ಜನವರಿಯಿಂದ ಹೊಡೆತಗಳನ್ನು ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊದಲು ನಿಂತು ಹಾಕುವ ನಿಧಾನದ ಸರ್ವಿಸ್, ನಂತರ ಗೋಡೆಗೆ ಅರ್ಧ ಬಲದ ಸ್ಮ್ಯಾಶ್, ನಂತರ ನೆಟ್ ಬಳಿ ಜಿಗಿಯದೆ, ಆಮೇಲೆ ಜಿಗಿದು. ಎಣಿಕೆ ಏರಿಸುವ ವಾರ ಬಲ ಏರಿಸಬೇಡಿ. ಹೊಡೆದ ಮರುದಿನ ಹೊಡೆತವಿಲ್ಲ. ಎಷ್ಟು ಏರಿಸಿದರೂ ಹಿಂದಿನ ವಾರಕ್ಕಿಂತ ಐದನೇ ಒಂದು ಭಾಗ ಮೀರದಿರಲಿ.

ಟೂರ್ನಿಗೆ ಹೆಸರು ಕೊಡುವ ಮೊದಲು ಫಿಸಿಯೋ ಬಳಿ ಅಳೆಸಿಕೊಳ್ಳಿ. ಹೊರಕ್ಕೆ ತಿರುಗಿಸುವ ಬಲ ಒಳಕ್ಕೆ ತಿರುಗಿಸುವ ಬಲದ ಮುಕ್ಕಾಲು ಪಾಲಾದರೂ ಇರಬೇಕು. ನೆಲದ ಮೇಲೆ 91 ಸೆಂಟಿಮೀಟರ್ ಅಂತರದಲ್ಲಿ ಎರಡು ಪಟ್ಟಿ ಅಂಟಿಸಿ, ಪುಷ್‌ಅಪ್ ಭಂಗಿಯಲ್ಲಿ (ಹೆಣ್ಣುಮಕ್ಕಳಿಗೆ ಮೊಣಕಾಲೂರಿದ ರೂಪವಿದೆ) ಒಂದು ಕೈಯಿಂದ ಇನ್ನೊಂದು ಪಟ್ಟಿಯನ್ನು ಮುಟ್ಟುತ್ತಾ ಹೋಗುವ ಪರೀಕ್ಷೆಯಲ್ಲಿ 15 ಸೆಕೆಂಡಿಗೆ 21 ಸಲವಾದರೂ ಆಗಲಿ. ಮಲಗಿಸಿ ಕೈಯನ್ನು ಸರ್ವಿಸ್ ಭಂಗಿಗೆ ತಂದಾಗ ಭಯ ಇರಬಾರದು. ಎರಡು ಅಂಕಿ ಸರಿಯಿದ್ದು ಮೂರನೆಯದು ಸರಿಯಿಲ್ಲದಿದ್ದರೆ ನಾನು ಮೂರನೆಯದನ್ನೇ ನಂಬುತ್ತೇನೆ. ಆ ಏಪ್ರಿಲ್ ಬಿಟ್ಟು ಮುಂದಿನ ಟೂರ್ನಿಗೆ ನೋಡೋಣ ಎನ್ನುತ್ತೇನೆ.

ತಂಡದ ಕೋಚ್‌ಗೆ ಒಂದು ಮಾತು ಹೇಳಿ. ನಾರ್ವೆಯಲ್ಲಿ 660 ಹ್ಯಾಂಡ್‌ಬಾಲ್ ಆಟಗಾರರ ಮೇಲೆ ನಡೆದ ಪ್ರಯೋಗದಲ್ಲಿ, ವಾರಕ್ಕೆ ಮೂರು ಸಲ ವಾರ್ಮ್‌ಅಪ್‌ನಲ್ಲಿ ಹತ್ತು ನಿಮಿಷ ಇಂಥ ಭುಜದ ವ್ಯಾಯಾಮ ಸೇರಿಸಿದ ತಂಡಗಳಲ್ಲಿ ಭುಜದ ತೊಂದರೆಯ ಅಪಾಯ ಶೇ 28ರಷ್ಟು ಇಳಿಯಿತು. ನೀವೊಬ್ಬರೇ ಮೂಲೆಯಲ್ಲಿ ಬ್ಯಾಂಡ್ ಎಳೆಯುವ ಬದಲು ಎಲ್ಲರೂ ಎಳೆಯಬಹುದು.

ಇಷ್ಟೆಲ್ಲ ಮಾಡಿಯೂ ಮೈದಾನದಲ್ಲಿ ಮತ್ತೆ ಜಾರಿ, ಈ ಸಲ ತಾನಾಗಿ ಕೂರದಿದ್ದರೆ ಯಾರಿಗೂ ಎಳೆಯಲು ಬಿಡಬೇಡಿ. ನಾನು ಕೂರಿಸುತ್ತೇನೆ ಎಂದು ಮುಂದೆ ಬರುವವರು ಪ್ರತಿ ಮೈದಾನದಲ್ಲೂ ಒಬ್ಬರಿರುತ್ತಾರೆ. ಮೂಳೆ ಬಿರಿದಿದ್ದರೆ, ನರ ಸಿಕ್ಕಿಕೊಂಡಿದ್ದರೆ ಆ ಒಂದು ಎಳೆತ ಕೈಯನ್ನೇ ಕೆಡಿಸಬಹುದು. ಇರುವ ಭಂಗಿಯಲ್ಲೇ ದುಪಟ್ಟಾದಿಂದ ಕೈಯನ್ನು ಎದೆಗೆ ಕಟ್ಟಿ, ತೋಳಿನ ಹೊರಬದಿಯಲ್ಲಿ ಸ್ಪರ್ಶ ತಿಳಿಯುತ್ತದೆಯೇ, ಬೆರಳು ಆಡುತ್ತವೆಯೇ ನೋಡಿಕೊಂಡು, ಎಕ್ಸ್‌ರೇ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಏನೂ ತಿನ್ನಬೇಡಿ, ಕುಡಿಯಬೇಡಿ, ಕೂರಿಸಲು ಅರಿವಳಿಕೆ ಕೊಡಬೇಕಾಗಬಹುದು.